ಮೂರು ಸಲ ಕೂಗುವ ಮಾಮಾ

ನಮ್ಮ ಮಾಮಾನಿಗೆ ದೆವ್ವ ಹಿಡಿದಿದೆ ಎಂದು ಕೊಂಡಾಪುರದ ನಮ್ಮ ಓಣಿಯವರು ಮಾತಾಡಿಕೊಳ್ಳುತ್ತಿದ್ದರು. ಶುದ್ಧ ಸುಳ್ಳು. ಅವನಿಗೆ ಹಿಡಿದಿದ್ದು ಕೋರ್ಟು. ದೆವ್ವವಾಗಿದ್ದರೆ ಬಿಡಿಸುವವರಾದರೂ ಸಿಗುತ್ತಿದ್ದರು!

ಮಾಮಾ ಅಂದರೆ ನನ್ನ ಅವ್ವನ ಅಣ್ಣ. ಹೈದರಾಬಾದಿನ ಒಂದು ಕೋರ್ಟಿನ ಬಾಗಿಲಲ್ಲಿ ನಿಂತು ವಾದಿ, ಪ್ರತಿವಾದಿ, ಸಾಕ್ಷಿಗಳ ಹೆಸರು ಕೂಗುವ ಜವಾನನಾಗಿ ದುಡಿದು ನಿವೃತ್ತನಾದವನು. ಒಂದು ಹೆಸರನ್ನು ಮೂರು ಸಲ ಕೂಗಬೇಕು. ಕೂಗಿಗೂ ಕೂಗಿಗೂ ನಡುವೆ ಬಿಡುವು ಕೊಡಬೇಕು. ಮೂರನೆಯ ಕೂಗಿಗೂ ಓಗೊಡದಿದ್ದರೆ ಆಸಾಮಿ ಗೈರು, ಮುಂದಿನದೆಲ್ಲ ಏಕಪಕ್ಷೀಯ. ಮನೆಯಲ್ಲಿ ಊಟಕ್ಕೂ ಇದೇ ಕಾಯಿದೆ. ಮೂರನೆಯ ಕೂಗಿನೊಳಗೆ ನಾನು ತಾಟಿನ ಮುಂದೆ ಕೂರದಿದ್ದರೆ ನನ್ನ ಪಾಲಿನ ಶೇಂಗಾ ಹೋಳಿಗೆಯನ್ನು ಮಾಮಾ ಏಕಪಕ್ಷೀಯವಾಗಿ ಇತ್ಯರ್ಥ ಮಾಡಿಬಿಡುತ್ತಿದ್ದ. ಮೇಲ್ಮನವಿ ಸಲ್ಲಿಸೋಣವೆಂದರೆ ಹೋಳಿಗೆ ಎಲ್ಲಿರುತ್ತಿತ್ತು?

ನಾನಾಗ ಪತ್ರಿಕೋದ್ಯಮ ಓದುತ್ತಿದ್ದೆ. ಮಾಧ್ಯಮ ಕಾನೂನಿನ ಪರೀಕ್ಷೆಯಲ್ಲಿ ಒಮ್ಮೆ ಡುಮ್ಕಿ ಹೊಡೆದು ಪಾರಿಭಾಷಿಕ ಪದಗಳನ್ನು ಬಾಯಿಪಾಠ ಮಾಡುತ್ತ ಕೂತಿದ್ದೆ. ಆಗಲೇ ಬೆಕ್ಕು ಹಾಲಿಗೆ ಬಾಯಿ ಹಾಕಿತು. "ಕಳ್ಳ ಬೆಕ್ಕು" ಅಂದೆ.

"ಹಂಗ ಅನಬ್ಯಾಡವಾ" ಎಂದ ಮಾಮಾ. "ತೀರ್ಪು ಬರೂತನಕ ಅದು ಆರೋಪಿ. ಅಪರಾಧಿ ಅಂತ ಬರದ್ಯೋ, ಮಾನಹಾನಿ ಆಕ್ಕೈತಿ."

"ಮೀಸಿಗೆ ಹಾಲು ಹತ್ತೇತಲ್ಲ ಮಾಮಾ?"

"ಸಾಂದರ್ಭಿಕ ಸಾಕ್ಷ್ಯ. ಕಣ್ಣಾರೆ ಯಾರು ನೋಡ್ಯಾರ?"

ಯಾರೂ ನೋಡಿರಲಿಲ್ಲ. ಸಂಶಯದ ಲಾಭ ಪಡೆದ ಆರೋಪಿ ನಮ್ಮ ಮುಂದೆಯೇ ಉಳಿದ ಹಾಲನ್ನೂ ಕುಡಿಯಿತು. ಆರೋಪಿಗೂ ಅಪರಾಧಿಗೂ ಇರುವ ವ್ಯತ್ಯಾಸವನ್ನು ನಾನು ಮತ್ತೆಂದೂ ಮರೆಯಲಿಲ್ಲ.

ಇಷ್ಟೇ ಆಗಿದ್ದರೆ ಓಣಿಯವರು ಹೆದರುತ್ತಿರಲಿಲ್ಲ. ಹೆದರಿಕೆ ಶುರುವಾಗುತ್ತಿದ್ದುದು ದಿನಾ ಮುಸ್ಸಂಜೆಗೆ. ಮಾಮಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೇಟಿನ ಬಳಿ ಹೋಗಿ ನಿಲ್ಲುತ್ತಿದ್ದ. ಎದುರಿಗಿದ್ದ ಬಂಡೆಗಳನ್ನೆಲ್ಲ ಸಿಡಿಸಿ ಯಾವುದೋ ಕಂಪ್ಯೂಟರ್ ಕಂಪನಿಗೆ ಕಟ್ಟಡ ಎಬ್ಬಿಸುತ್ತಿದ್ದರು. ಗೋಡೆಯಿಲ್ಲದ ಆ ಕತ್ತಲ ಮಹಡಿಗಳ ಕಡೆ ಮುಖ ಮಾಡಿ, ಎದೆ ತುಂಬ ಉಸಿರೆಳೆದು, "ಶರಣಪ್ಪಾ... ಹಾಜಿರ್ ಹೋ" ಎಂದು ಕೂಗುತ್ತಿದ್ದ. ಕೂಗು ಆ ಖಾಲಿ ಮಹಡಿಗಳನ್ನೆಲ್ಲ ಸುತ್ತಿ ನಮ್ಮ ಗೇಟಿಗೇ ವಾಪಸು ಬರುತ್ತಿತ್ತು. ಮಾಮಾ ಕಿವಿಗೆ ಕೈ ಹಚ್ಚಿ ಕಾಯುತ್ತಿದ್ದ. ಮತ್ತೆ ಕೂಗು, ಮತ್ತೆ ಕಾಯುವುದು. ಮೂರನೆಯದು ಮುಗಿಯುವಷ್ಟರಲ್ಲಿ ಓಣಿಯ ನಾಯಿಗಳು ಒಂದೊಂದಾಗಿ ಊಳಿಡುತ್ತಿದ್ದವು. ನಮ್ಮ ಮಾಳಿಗೆಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದ ಇಬ್ಬರು ಸಾಫ್ಟ್‌ವೇರ್ ಹುಡುಗರು ಎಂಟೇ ದಿನಕ್ಕೆ ಖಾಲಿ ಮಾಡಿದರು. ಅಮೆರಿಕದವರ ಜೊತೆ ಫೋನಿನಲ್ಲಿ ಹೆದರದೆ ಮಾತಾಡುತ್ತಿದ್ದವರು, ಪಾಪ, ಶರಣಪ್ಪನಿಗೆ ಹೆದರಿದರು.

ಶರಣಪ್ಪ ನನ್ನ ಅಪ್ಪ. ಕುಷಾಯಿಗೂಡದ ಕಡೆ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಒಂದು ಬೆಳಿಗ್ಗೆ ಬುತ್ತಿ ಹಿಡಿದು ಹೋದವನು ಕಾರ್ಖಾನೆಗೂ ಮುಟ್ಟಲಿಲ್ಲ, ಮನೆಗೂ ಬರಲಿಲ್ಲ. ಏಳು ವರ್ಷ ತುಂಬಿತ್ತು. ಸುದ್ದಿ ತಿಳಿಯಬೇಕಾದವರಿಗೇ ಏಳು ವರ್ಷ ಸುದ್ದಿ ಇಲ್ಲದಿದ್ದರೆ ಮನುಷ್ಯ ಮೃತನಾದನೆಂದು ಕಾನೂನು ಭಾವಿಸುತ್ತದೆ. ಕೋರ್ಟು ಹಾಗೆಂದು ಬರೆದುಕೊಟ್ಟರೆ ಅವ್ವನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಗುತ್ತಿತ್ತು. ಅವ್ವ ಅರ್ಜಿ ಹಾಕಿದ್ದಳು, ಪೇಪರಿನಲ್ಲಿ ನೋಟೀಸೂ ಬಂದಿತ್ತು. ಸುದ್ದಿ ಇಲ್ಲವೆಂದು ಮಾಮಾ ಸಾಕ್ಷಿ ಹೇಳುವುದೊಂದೇ ಬಾಕಿ. ಅವನು ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಇನ್ನ ಕರಿಯಾಕತ್ತೀನಿ ತಂಗಿ" ಎನ್ನುತ್ತಿದ್ದ. "ಕೂಗು ಮುಗೀದ ಗೈರು ಅಂತ ಹೆಂಗ ಬರಸಲಿ?"

ಪಕ್ಕದ ಮನೆಯವರು ವಿಚಾರಿಸಿದರೆ ಮಾಮಾ, "ವಿಷಯ ನ್ಯಾಯಾಲಯದಾಗ ಐತ್ರಿ, ಮಾತಾಡೂಹಂಗಿಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದ. ನನಗೆ ನಗುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಒಂದು ಮುಸ್ಸಂಜೆ ಎರಡನೆಯ ಕೂಗು ಮುಗಿದಿತ್ತು. ಕತ್ತಲ ಮಹಡಿಯಿಂದ ಗಂಡಸಿನ ದನಿ ಬಂತು:

"ಬಂದೆ ರೀ..."

ಮಾಮಾ ಗೇಟನ್ನು ಗಟ್ಟಿಯಾಗಿ ಹಿಡಿದುಕೊಂಡ. ಅಡುಗೆಮನೆಯಲ್ಲಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಬರಿಗಾಲಲ್ಲಿ ಓಡಿ ಬಂದಳು. ಕಟ್ಟಡದಿಂದ ಒಬ್ಬ ಇಳಿದು ಬರುತ್ತಿದ್ದ. ತಲೆಯಿಂದ ಕಾಲಿನವರೆಗೆ ಸಿಮೆಂಟು ಮೆತ್ತಿ ಬೂದಿಯ ಬಣ್ಣವಾಗಿದ್ದ. ಮುಖ ಕಾಣುತ್ತಿರಲಿಲ್ಲ.

"ಯಾರ್ರೀ ಕರದವರು? ನಾ ಶರಣಪ್ಪ."

ಕಲಬುರಗಿ ಕಡೆಯ ಗಾರೆ ಕೆಲಸದವನು. ಹಿಂದಿನ ದಿನವಷ್ಟೇ ಕೆಲಸಕ್ಕೆ ಸೇರಿದ್ದನಂತೆ. ಅವ್ವ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಒಳಗೆ ಹೋಗಿ ಚಹಕ್ಕೆ ಇಟ್ಟಳು.

ಮಾಮಾ ಅವನನ್ನು ಕಟ್ಟೆಯ ಮೇಲೆ ಕೂರಿಸಿ ಪಾಟೀಸವಾಲಿಗೆ ಇಳಿದ. "ಊರಾಗ ಯಾರದಾರ?"

"ಅವ್ವ, ಹೆಂಡ್ತಿ, ಒಂದು ಕೂಸು. ಜಗಳಾಡಿ ಬಂದೀನ್ರಿ."

"ಕಾಗದ ಬರದು ಎಷ್ಟು ದಿನ ಆತು?"

"ನಾಕು ವರ್ಷ ಆತ್ರಿ."

"ಇನ್ನ ಮೂರು ವರ್ಷ ಹಿಂಗ ಸುಮ್ಮ ಕುಂತ್ಯೋ, ಕಾಯ್ದೆ ಪ್ರಕಾರ ನೀ ಸತ್ತಂಗ."

ಅವನು ಗಾಬರಿಯಾದ. "ನಾ ಚಹಾ ಕುಡ್ಯಾಕತ್ತೀನಲ್ರಿ?"

"ಅದು ನಿಮ್ಮ ಮನ್ಯಾಗ ಯಾರಿಗೆ ಗೊತ್ತೈತಿ?"

ಮಾಮಾ ಒಳಗಿಂದ ಒಂದು ಕಾರ್ಡು ತಂದು ತಾನೇ ಬರೆಯಲು ಕೂತ. "ನಾನು ಬದುಕಿದ್ದೇನೆ. ಉಣ್ಣುತ್ತಿದ್ದೇನೆ." ಎರಡೇ ಸಾಲು ಬರೆದು ಪೆನ್ನನ್ನು ನನ್ನ ಕೈಗಿಟ್ಟ. ಮುಂದಿನದನ್ನು ನಾನು ಬರೆದೆ. ಆ ಮನುಷ್ಯ ಹೋದ ಮೇಲೆ ಮಾಮಾ ಅವ್ವನಿಗೆ ಹೇಳಿದ: "ಇಷ್ಟು ದಿನ ಕರದೆ. ಬಂದಾಂವ ಅಂವ ಅಲ್ಲ. ಕೂಗು ಮುಗೀತು. ಸಾಕ್ಷಿ ಹೇಳ್ತೀನಿ ತಂಗಿ."

ಹೇಳಿದ. ಕೋರ್ಟಿನಲ್ಲಿ ಗಂಡನ ಹೆಸರು ಕೇಳಿದಾಗ ಅವ್ವ ತಲೆ ತಗ್ಗಿಸಿ ಅಣ್ಣನ ಕಡೆ ನೋಡಿದಳು. ಗಂಡನ ಹೆಸರನ್ನು ಅವಳು ಜನ್ಮದಲ್ಲೇ ಬಾಯಿಬಿಟ್ಟು ಹೇಳಿದವಳಲ್ಲ. ಅದನ್ನೂ ಮಾಮಾನೇ ಹೇಳಿದ.

ಆದೇಶ ಕೈಗೆ ಬಂದ ದಿನ ಮುಸ್ಸಂಜೆ ಮಾಮಾ ಗೇಟಿಗೆ ಹೋಗಲಿಲ್ಲ. ಬನಿಯನ್ನಿನಲ್ಲೇ ಗೋಡೆಗೆ ಮುಖ ಮಾಡಿ ಕೂತಿದ್ದ. ಓಣಿ ಅಷ್ಟು ಸುಮ್ಮನಿದ್ದುದನ್ನು ನಾನು ಕಂಡಿರಲಿಲ್ಲ. ಅವ್ವ ಎರಡು ಸಲ ಬಾಗಿಲಿಗೆ ಹೋಗಿ ಬಂದಳು. ಮೂರನೆಯ ಸಲ ಸೆರಗು ಹೊದ್ದು ನೆಟ್ಟಗೆ ಗೇಟಿನವರೆಗೆ ನಡೆದಳು.

"ಶರಣಪ್ಪಾ" ಎಂದಳು. ದನಿ ರಸ್ತೆಯನ್ನೂ ದಾಟಲಿಲ್ಲ. ತಡಮಾಡದೆ ಮತ್ತೆ ಕರೆದಳು, "ಶರಣಪ್ಪಾ..."

ಮಾಮಾ ಯಾವಾಗ ಎದ್ದನೋ ಗೊತ್ತಿಲ್ಲ. ಹೋಗಿ ಅವಳ ಹಿಂದೆ ನಿಂತಿದ್ದ.

"ಅವಸರ ಮಾಡಬ್ಯಾಡ ತಂಗಿ" ಎಂದ. "ಕೇಳಿಸ್ಕೊಳ್ಳಾಕ ಅವಗೂ ಒಂದೀಟು ಹೊತ್ತು ಬೇಕು."