ಸಾರಿನ ಚೊಂಬು ಮತ್ತು ಸೀಸದ ಗುಂಡು

ಗೊತ್ತಿಲ್ಲದ ವಿಷಯದಲ್ಲಿ ಮನುಷ್ಯ ಅಷ್ಟಾಗಿ ತಪ್ಪು ಮಾಡುವುದಿಲ್ಲ ಎಂಬುದು ನನ್ನ ಅನುಭವ. ಈಜು ಬಾರದವನು ಕೆರೆಗೆ ಇಳಿಯುವುದೇ ಇಲ್ಲ. ದಡದಲ್ಲಿ ಕೂತು ಕಡಲೆಕಾಯಿ ತಿಂದು ಮನೆಗೆ ಬರುತ್ತಾನೆ. ಮುಳುಗುವವನು ಏನಿದ್ದರೂ ಈಜು ಬಲ್ಲವನೇ. ನಾನು ಮೂವತ್ತೊಂದು ವರ್ಷ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಟ್ಟವನು. ಸೀಸ ಎಷ್ಟು ಡಿಗ್ರಿಗೆ ಕರಗುತ್ತದೆ, ತವರ ಎಷ್ಟಕ್ಕೆ ಕರಗುತ್ತದೆ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಇದುವರೆಗೆ ಯಾರೂ ಹಾಗೆ ಎಬ್ಬಿಸಿ ಕೇಳಿಲ್ಲ, ಅದು ಬೇರೆ ಮಾತು. ನಾನು ಮುಳುಗಿದ್ದು ಸರಿಯಾಗಿ ಇದೇ ಸೀಸ ಮತ್ತು ತವರದ ನಡುವೆ.

ನಿವೃತ್ತನಾದ ಮೇಲೆ ರಕ್ತದೊತ್ತಡ ಸ್ವಲ್ಪ ಏರಿತು. ಮನಸ್ಸು ಒಂದು ಕಡೆ ನಿಲ್ಲುವಂಥ ಹವ್ಯಾಸ ಏನಾದರೂ ಇಟ್ಟುಕೊಳ್ಳಿ ಎಂದರು ಡಾಕ್ಟರು. ಜಯನಗರದ ಪಾರ್ಕಿನಲ್ಲಿ ವಾಕಿಂಗ್ ಹೋಗಿ ನೋಡಿದೆ. ಅಲ್ಲಿ ಎರಡು ಸುತ್ತು ಬರುವಷ್ಟರಲ್ಲಿ ನಾಲ್ಕು ಜನರ ಮಂಡಿನೋವಿನ ಪೂರ್ವಾಪರ ಕೇಳಬೇಕಾಗುತ್ತಿತ್ತು. ಒತ್ತಡ ಇನ್ನೂ ಏರಿತು. ಕೊನೆಗೆ ಜೆ.ಪಿ. ನಗರದಲ್ಲಿ ಏರ್ ಪಿಸ್ತೂಲು ಹೊಡೆಯುವುದನ್ನು ಕಲಿಸುವ ಒಂದು ಜಾಗಕ್ಕೆ ಸೇರಿಕೊಂಡೆ. ಹತ್ತು ಮೀಟರ್ ದೂರದಲ್ಲಿ ಒಂದು ರಟ್ಟು, ಅದರ ನಡುವೆ ಒಂದು ಕಪ್ಪು ಬೊಟ್ಟು. ಉಸಿರು ಹಿಡಿದು ಹೊಡೆಯಬೇಕು. ಯಾರೂ ಮಾತನಾಡುವ ಹಾಗಿಲ್ಲ. ಸ್ವರ್ಗ ಅನ್ನಿಸಿತು. ಬೊಟ್ಟಿಗೆ ಮಾತ್ರ ಒಂದು ಗುಂಡೂ ತಾಗಲಿಲ್ಲ.

ಅಲ್ಲಿ ನನಗೆ ಗುರುವಾಗಿ ಸಿಕ್ಕವರು ಅಂಜನಾಪುರದಿಂದ ಬರುತ್ತಿದ್ದ ಒಬ್ಬ ನಿವೃತ್ತ ಕರ್ನಲ್. ಹೊರದೇಶದಲ್ಲಿ ಜನ ಮನೆಯಲ್ಲೇ ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ಆ ಗುಂಡನ್ನು ಹಳೆಯ ತೋಟಾ ಕೋಶಕ್ಕೆ ಕೂರಿಸಿ ತಮ್ಮ ಪಿಸ್ತೂಲಿಗೆ ತಾವೇ ಮದ್ದುಗುಂಡು ತಯಾರಿಸಿಕೊಳ್ಳುವುದನ್ನು ಅವರು ಕಣ್ಣಾರೆ ನೋಡಿ ಬಂದಿದ್ದರಂತೆ. ನಾವು ಚಕ್ಕುಲಿ ಒತ್ತಿದಷ್ಟೇ ಸಲೀಸಾಗಿ ಅದನ್ನು ವರ್ಣಿಸಿದರು. “ಪಿಸ್ತೂಲು ಯಾರು ಬೇಕಾದ್ರೂ ತಗೋತಾರೆ ಸಾರ್. ಗುಂಡು ನಮ್ಮ ಕೈಯಲ್ಲೇ ಎರಕ ಹೊಯ್ದಿರ್ಬೇಕು. ಆಗ್ಲೇ ಅದು ನಮ್ಮ ಮಾತು ಕೇಳೋದು” ಎಂದರು. ನನಗೆ ತಟ್ಟನೆ ಜ್ಞಾನೋದಯವಾಯಿತು. ಇಷ್ಟು ದಿನ ತಪ್ಪು ನನ್ನದಾಗಿರಲಿಲ್ಲ, ಯಾವುದೋ ಕಾರ್ಖಾನೆಯ ಗುಂಡು ನನ್ನ ಮಾತು ಕೇಳುತ್ತಿರಲಿಲ್ಲ.

ಮದ್ದು ತುಂಬಿ ತೋಟಾ ಮಾಡುವುದು ನನ್ನಂಥವನಿಗೆ ಕಾನೂನು ಒಪ್ಪುವ ಕೆಲಸವಲ್ಲ. ಮಾಡಲು ಹೋದರೆ ಉಳಿದ ವಯಸ್ಸಿನ ಊಟ ವಸತಿಯನ್ನು ಸರ್ಕಾರವೇ ನೋಡಿಕೊಳ್ಳುತ್ತದೆ. ಆದರೆ ನನ್ನದು ಗಾಳಿಯ ಪಿಸ್ತೂಲು, ಮದ್ದಿನ ತಂಟೆಯೇ ಇಲ್ಲ. ಅಕ್ಕಿಕಾಳಿಗಿಂತ ತುಸು ದಪ್ಪಗಿನ ಸೀಸದ ಗುಂಡಿದ್ದರೆ ಸಾಕು. ಕರ್ನಲ್ ತಮ್ಮಲ್ಲಿದ್ದ ಚಿಕ್ಕ ಅಚ್ಚೊಂದನ್ನು ಎರವಲು ಕೊಟ್ಟರು. ಸೀಸ ಹುಡುಕಿಕೊಂಡು ಜರಗನಹಳ್ಳಿಯ ಒಂದು ಟೈರ್ ಅಂಗಡಿಗೆ ಹೋದೆ. ಕಾರಿನ ಚಕ್ರ ಅಲುಗಾಡದಂತೆ ಅಂಚಿಗೆ ಸೀಸದ ತುಂಡುಗಳನ್ನು ಸಿಕ್ಕಿಸುತ್ತಾರಲ್ಲ, ಬಿಚ್ಚಿಹಾಕಿದ ಅಂಥ ತುಂಡುಗಳು ಅಲ್ಲಿ ಒಂದು ಬಕೆಟ್ ತುಂಬ ಇದ್ದವು. “ಇದನ್ನ ತಗೊಂಡು ಏನ್ಮಾಡ್ತೀರಾ ಸಾರ್?” ಎಂದ ಅಂಗಡಿಯವನು. “ಗುಂಡು ಮಾಡ್ತೀನಿ, ಪಿಸ್ತೂಲಿಗೆ” ಎಂದೆ. ಅವನು ಎರಡು ಹೆಜ್ಜೆ ಹಿಂದೆ ಸರಿದು, ನನಗೆ ಕುರ್ಚಿ ಹಾಕಿಸಿ, ಟೀ ತರಿಸಿದ. ಮೂವತ್ತೊಂದು ವರ್ಷ ಪಾಠ ಹೇಳಿದರೂ ಸಿಗದಿದ್ದ ಮರ್ಯಾದೆ ಅದು.

ಸೀಸ ವಿಷ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಾರಸಿಯ ಮೇಲೆ ಬೇರೆಯೇ ಒಲೆ, ಬೇರೆಯೇ ಬಾಣಲೆ, ಮೂಗಿಗೆ ಮುಖಕವಚ, ಕೈಗೆ ದಪ್ಪ ಗವಸು. ಸೀಸದ ಒಂದು ಚೂರೂ ಅಡುಗೆಮನೆಯ ಹೊಸಿಲು ದಾಟಬಾರದೆಂದು ಕಟ್ಟುನಿಟ್ಟು ಮಾಡಿಕೊಂಡಿದ್ದೆ. ಅಡುಗೆಮನೆಯೇ ಸೀಸವನ್ನು ಹುಡುಕಿಕೊಂಡು ತಾರಸಿ ಹತ್ತೀತು ಎಂದು ಮಾತ್ರ ಆಗ ಹೊಳೆದಿರಲಿಲ್ಲ.

ಮೊದಲ ಕಂತಿನ ಗುಂಡುಗಳು ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿ ಬಂದವು. ಕರ್ನಲ್ ಒಂದನ್ನು ಅಂಗೈಯಲ್ಲಿ ಉರುಳಿಸಿ ನೋಡಿದರು. “ಅಚ್ಚಿನ ಮೂಲೆ ತುಂಬಿಲ್ಲ ಸಾರ್. ಒಂಚೂರು ತವರ ಸೇರ್ಸಿ, ಸರಾಗವಾಗಿ ಹರಿಯುತ್ತೆ.” ತವರಕ್ಕೆ ಎಲ್ಲಿಗೆ ಹೋಗುವುದು ಎಂದು ಯೋಚಿಸುತ್ತಾ ಮನೆಗೆ ಬಂದು ಊಟಕ್ಕೆ ಕೂತೆ. ನಮ್ಮತ್ತೆ ಸಾರು ಬಡಿಸಿದರು. ಬಡಿಸಿದ್ದು ಈಯದ ಚೊಂಬಿನಿಂದ.

ಇಲ್ಲಿ ಚೊಂಬಿನ ವಿಚಾರ ಹೇಳಲೇಬೇಕು. ನನ್ನ ಹೆಂಡತಿ ಸುಮಾಳ ತಾಯಿಯಾದ ನಮ್ಮತ್ತೆಗೆ ಈಗ ಎಪ್ಪತ್ತೊಂಬತ್ತು. ಬಸವನಗುಡಿಯ ಮನೆ ಬಿಟ್ಟು ನಮ್ಮ ಜೊತೆ ಇರಲು ಬಂದಾಗ ಮಂಚ ಬೀರು ಎಲ್ಲವನ್ನೂ ಯಾರಿಗೋ ಕೊಟ್ಟು, ಮಡಿಲಲ್ಲಿ ಇಟ್ಟುಕೊಂಡು ಬಂದದ್ದು ಆ ಚೊಂಬನ್ನು. ಈಯ ಎಂದರೆ ತವರವೇ. ಅದರಲ್ಲಿ ಕುದಿಸಿದ ಸಾರಿಗೆ ಬೇರೆಯೇ ರುಚಿ ಎಂಬುದು ಅವರ ಸಿದ್ಧಾಂತ. ತಿಂದ ನಾನೂ ಒಪ್ಪುತ್ತೇನೆ. ಒಂದೇ ತೊಡಕು, ಒಳಗೆ ನೀರಿಲ್ಲದೆ ಒಲೆಯ ಮೇಲಿಟ್ಟರೆ ಅದು ನೋಡುನೋಡುತ್ತಲೇ ಕರಗಿ ಹೋಗುತ್ತದೆ. ಅವರ ತಂಗಿಯ ಮನೆಯಲ್ಲಿ ಹಾಗೆ ಮೂರು ಚೊಂಬು ಹೋಗಿವೆ. ನಮ್ಮತ್ತೆಯ ಕೈಯಲ್ಲಿ ಮದುವೆಯಾದಂದಿನಿಂದ ಒಂದೂ ಹೋಗಿರಲಿಲ್ಲ. ಮಕ್ಕಳು ಪಾಸಾದದ್ದಕ್ಕಿಂತ ಹೆಚ್ಚು ಹೆಮ್ಮೆ ಅವರಿಗೆ ಇದರ ಬಗ್ಗೆ.

ಬೆಸುಗೆಯ ತಂತಿ ಮಾರುವ ಅಂಗಡಿಗೆ ಹೋಗಿದ್ದರೆ ತವರ ಸಿಗುತ್ತಿತ್ತು. ಆದರೆ ಬಿಸಿಲು, ಮೆಟ್ರೊ ಹತ್ತಿ ಇಳಿಯಬೇಕು, ಕಳ್ಳನಿಗೊಂದು ಪಿಳ್ಳೆ ನೆವ. ಶನಿವಾರ ಮಧ್ಯಾಹ್ನ ತಾಯಿ ಮಗಳು ಮಲಗಿದ ಮೇಲೆ ಚೊಂಬನ್ನು ಎತ್ತಿಕೊಂಡು ಹೊಸ ಅರದಿಂದ ತಳವನ್ನು ಸ್ವಲ್ಪ ಉಜ್ಜಿದೆ. ತಳವನ್ನೇ ಯಾಕೆ ಆರಿಸಿದೆನೆಂದರೆ, ಚೊಂಬಿನ ತಳ ಯಾರು ನೋಡುತ್ತಾರೆ? ಒಂದು ಚಿಟಿಕೆ ಬೆಳ್ಳನೆಯ ಪುಡಿ ಉದುರಿತು. ಸೀಸಕ್ಕೆ ಹಾಕಿದೆ. ಗುಂಡುಗಳು ಹೊಳೆಹೊಳೆಯುತ್ತಾ ಅಚ್ಚಿನಿಂದ ಉದುರಿದವು. “ಮುತ್ತಿದ್ದಂಗಿದೆ ಸಾರ್” ಎಂದರು ಕರ್ನಲ್. ಆ ಒಂದು ಮಾತಿಗೆ ಇನ್ನೂ ನಾಲ್ಕು ಶನಿವಾರ, ಪ್ರತಿ ಸಲ ಇನ್ನಷ್ಟು ಹೆಚ್ಚಾಗಿ, ಅದೇ ತಳವನ್ನು ಉಜ್ಜಿದೆ. ಗುರಿಯಲ್ಲಿ ಯಾವ ಸುಧಾರಣೆಯೂ ಆಗಲಿಲ್ಲ. ಗುಂಡು ಸರಿಯಾದ ಮೇಲೆ ತಪ್ಪು ಹೊರಿಸಲು ನಾನೊಬ್ಬನೇ ಉಳಿದೆ.

ಐದನೆಯ ಶನಿವಾರ ಕಳೆದು ಬಂದ ಬುಧವಾರ ಬೆಳಿಗ್ಗೆ ಅತ್ತೆ ಸಾರು ಕುದಿಯಲು ಇಟ್ಟು, ತಂಗಿಯ ಫೋನ್ ಬಂತೆಂದು ಹಾಲಿಗೆ ಬಂದರು. ಮಾತು ಮುಗಿಸಿ ಒಳಗೆ ಹೋದವರು “ಸುಮಾ” ಎಂದು ಕೂಗಿದರು. ನಾವು ಓಡಿದೆವು. ಸಾರೆಲ್ಲ ಕಟ್ಟೆಯ ಮೇಲೆ ಹರಿದಿತ್ತು. ಬರಿದಾದ ಚೊಂಬು ಉರಿಯ ಮೇಲೆ ಕರಗಿ, ಅರ್ಧ ಚೊಂಬು ಅರ್ಧ ಮುದ್ದೆಯಾಗಿ ವಾಲಿಕೊಂಡಿತ್ತು. ತೆಳ್ಳಗಾಗಿದ್ದ ತಳ ತೂತುಬಿದ್ದು ಸಾರು ಸೋರಿದೆ, ಸಾರು ಹೋದ ಮೇಲೆ ಚೊಂಬು ಹೋಗಿದೆ ಎಂದು ನನಗೆ ಒಂದೇ ನೋಟಕ್ಕೆ ಅರ್ಥವಾಯಿತು. ಅತ್ತೆಗೆ ಅರ್ಥವಾದದ್ದು ಬೇರೆ.

“ಐದು ನಿಮಿಷ ಮಾತಾಡಿದೆ ಅಂದ್ಕೊಂಡೆ ಕಣೇ. ಉಕ್ಕಿ, ಇಂಗಿ, ಇಷ್ಟೆಲ್ಲ ಆಗ್ಬೇಕಾದ್ರೆ ಅರ್ಧ ಗಂಟೆ ಆಗಿರ್ಬೇಕು. ನಂಗೆ ಗೊತ್ತೇ ಆಗ್ಲಿಲ್ಲ” ಎಂದರು. ಸುಮಾ ಕಟ್ಟೆ ಒರೆಸುತ್ತಾ, “ಹೋಗ್ಲಿ ಬಿಡಮ್ಮ, ವಯಸ್ಸಾಯ್ತಲ್ಲ” ಎಂದಳು. ಸಮಾಧಾನಕ್ಕೆಂದೇ ಹೇಳಿದ ಮಾತು. ಅದು ಅತ್ತೆಗೆ ಹೇಗೆ ತಾಗಿತೆಂದು ನಾನು ಕಂಡೆ. ಆ ದಿನದಿಂದ ಅವರು ಒಲೆಯ ಹತ್ತಿರ ಹೋಗಲಿಲ್ಲ. ಗ್ಯಾಸ್ ಆರಿಸಿದೆಯಾ, ಮಾತ್ರೆ ತಗೊಂಡೆನಾ, ನಿನ್ನೆ ಏಕಾದಶಿಯಾ ಎಂದು ಎಲ್ಲವನ್ನೂ ಎರಡೆರಡು ಸಲ ಕೇಳತೊಡಗಿದರು. ಮಗಳ ಮೇಲೆ ಸಿಡುಕುವುದನ್ನು ಕೂಡ ಬಿಟ್ಟುಬಿಟ್ಟರು. ಹತ್ತು ಮೀಟರ್ ದೂರದ ಬೊಟ್ಟಿಗೆ ಒಮ್ಮೆಯೂ ತಾಗದ ನನ್ನ ಗುಂಡು, ಏನೂ ತಪ್ಪು ಮಾಡದ ಆ ಜೀವಕ್ಕೆ ಮಾತ್ರ ನಟ್ಟನಡುವೆ ಹೊಡೆದಿತ್ತು. ಹೇಳಿಬಿಡೋಣ ಎಂದು ಮೂರು ದಿನ ಬಾಯಿ ತೆರೆದೆ. ಮೂರು ದಿನವೂ ಆಕಳಿಸಿ ಮುಚ್ಚಿದೆ.

ನಾಲ್ಕನೆಯ ದಿನ ಅತ್ತೆ ತಮ್ಮ ಫೋನ್ ಹಿಡಿದುಕೊಂಡು ನನ್ನ ಪಕ್ಕ ಕೂತರು. “ಅವತ್ತು ತಂಗಿ ಜೊತೆ ಎಷ್ಟು ಹೊತ್ತು ಮಾತಾಡ್ದೆ ಅಂತ ಇದರಲ್ಲಿ ಇರುತ್ತಂತಲ್ಲ, ನೋಡಿ ಹೇಳಿ. ಡಾಕ್ಟರ್‌ಗೆ ಹೇಳ್ಬೇಕು, ನನ್ನ ತಲೆ ಎಷ್ಟು ಕೆಟ್ಟಿದೆ ಅಂತ” ಎಂದರು. ನೋಡಿದೆ.

“ನಾಲ್ಕು ನಿಮಿಷ, ಅತ್ತೆ.”

“ಸರಿಯಾಗಿ ನೋಡಿ.”

“ಸರಿಯಾಗೇ ನೋಡಿದೀನಿ. ನಾಲ್ಕೇ ನಿಮಿಷ.”

“ಮತ್ತೆ ನಾಲ್ಕು ನಿಮಿಷಕ್ಕೆ ಚೊಂಬು ಹೇಗೆ ಹೋಯ್ತು?”

ಎದ್ದು ಹೋಗಿ ಗುಂಡಿನ ಡಬ್ಬಿ ತಂದು ಅವರ ಮುಂದಿಟ್ಟೆ. ಅರ, ಶನಿವಾರ, ತಳ, ಕರ್ನಲ್ ಹೇಳಿದ ಮುತ್ತು, ಎಲ್ಲವನ್ನೂ ಒಪ್ಪಿಸಿದೆ. ಅಳಿಯ ಹೀಗೆ ಕೈಕಟ್ಟಿ ನಿಂತಿದ್ದನ್ನು ಅವರು ಮದುವೆಯ ಮಂಟಪದಲ್ಲೂ ನೋಡಿರಲಿಲ್ಲ. ಅವರು ಡಬ್ಬಿಯನ್ನು ನೋಡಲೇ ಇಲ್ಲ. “ಇನ್ನೊಂದ್ಸಲ ಹೇಳಿ, ಎಷ್ಟು ನಿಮಿಷ?” ಎಂದರು. ಹೇಳಿದೆ. ಅವರ ಕಣ್ಣು ತುಂಬಿತು. ಮರುಗಳಿಗೆಯಲ್ಲೇ ತಂಗಿಗೆ ಫೋನ್ ಮಾಡಿ, “ನಂದೇನೂ ತಪ್ಪಿಲ್ಲ ಕಣೇ, ನಮ್ಮ ಅಳಿಯಂದಿರು ಕಳ್ಳತನ ಮಾಡಿದ್ದು” ಎಂದರು. ಅಷ್ಟು ಸಂತೋಷವಾಗಿ ನನ್ನ ಬಗ್ಗೆ ಅವರು ಹಿಂದೆಂದೂ ಮಾತನಾಡಿರಲಿಲ್ಲ. ಆ ಕರೆ ಐವತ್ತೆರಡು ನಿಮಿಷ ನಡೆಯಿತು. ಅಷ್ಟು ಹೊತ್ತೂ ಒಲೆಯ ಮೇಲೆ ಇದ್ದ ಹಾಲನ್ನು ಕಾದದ್ದು ನಾನು.

ಅಚ್ಚನ್ನು ಕರ್ನಲ್‌ಗೆ ಹಿಂದಿರುಗಿಸಿದೆ. ಆ ಗುಂಡುಗಳನ್ನು ಕರಗಿಸಿ ಅದರಲ್ಲಿನ ಈಯವನ್ನು ವಾಪಸು ತೆಗೆಯಬಾರದೇಕೆ ಎಂದು ಅತ್ತೆ ಕೇಳಿದ್ದುಂಟು. ಒಮ್ಮೆ ಸೀಸ ಬೆರೆತ ಮೇಲೆ ಅದು ಅಡುಗೆಗೆ ಬಾರದು ಎಂದು ವಿವರಿಸಿದೆ. “ಇಷ್ಟೆಲ್ಲ ಗೊತ್ತಿದ್ದೋರು ನೀವು” ಎಂದಷ್ಟೇ ಅಂದರು. ಅದಕ್ಕಿಂತ ಎರಡು ಬೈಗುಳ ವಾಸಿಯಾಗಿತ್ತು. ಗಾಂಧಿ ಬಜಾರಿನ ಕಡೆ ಸುತ್ತಾಡಿ ಹೊಸ ಚೊಂಬು ತಂದುಕೊಟ್ಟೆ. ಅತ್ತೆ ಅದನ್ನು ಬೆರಳಿನಿಂದ ತಟ್ಟಿ, ಕಿವಿಗೆ ಹಿಡಿದು ಸದ್ದು ಕೇಳಿ, ಪರವಾಗಿಲ್ಲ ಎಂದು ಒಪ್ಪಿಕೊಂಡರು. ಸುಮಾಳ ಮೇಲೆ ಸಿಡುಕುವುದೂ ಮತ್ತೆ ಶುರುವಾಯಿತು.

ಈಗ ದಿನಾ ಮಧ್ಯಾಹ್ನ ನಾನು ತಟ್ಟೆಯ ಮುಂದೆ ಕೂತ ಮೇಲೆ ಅವರು ಚೊಂಬು ಹಿಡಿದು ಬಂದು ನಿಲ್ಲುತ್ತಾರೆ. ಬಿಸಿ ಸಾರು ಘಮಘಮಿಸುತ್ತಿರುತ್ತದೆ, ಆದರೆ ಚೊಂಬು ಬಗ್ಗುವುದಿಲ್ಲ.

“ಅಳಿಯಂದಿರೇ, ತವರ ಎಷ್ಟಕ್ಕೆ ಕರಗುತ್ತೆ?”

“ಇನ್ನೂರ ಮೂವತ್ತೆರಡು ಡಿಗ್ರಿ, ಅತ್ತೆ.”

ಆಮೇಲೇ ಸಾರು ಬೀಳುವುದು. ಮೊನ್ನೆ ನೆಂಟರು ಬಂದಿದ್ದಾಗಲೂ ಕೇಳಿದರು. ಎದ್ದು ನಿಂತು ಹೇಳಿದೆ.