ಗೋಡೆಯೊಳಗಿನ ವಿಕರ್ಣ

ನನಗೆ ಗಣಿತ ಬರುತ್ತದೆ. ಈ ಅನಾಹುತಕ್ಕೆ ಬೇರೆ ಕಾರಣ ಹುಡುಕುವುದು ಬೇಡ.

ಹುಮನಾಬಾದಿನ ಹೈಸ್ಕೂಲಿನಲ್ಲಿ ನಾನು ಗಣಿತದ ಮಾಸ್ತರ. ನಮ್ಮ ಓಣಿಗೆ ಲೈಟು ಬಂದ ವರ್ಷ ಅದು. ನನ್ನ ಹೆಂಡತಿ ಗಂಗಮ್ಮನ ತಂದೆ, ನಾರಾಯಣಪುರದವರು, ಹಿಂದಿನ ವರ್ಷ ತೀರಿಕೊಂಡಿದ್ದರು. ನಮ್ಮಲ್ಲಿಗೆ ಬಂದಾಗಲೆಲ್ಲ ಅವರು ಮಲಗುತ್ತಿದ್ದದ್ದು ಕಿಟಕಿಯಿಲ್ಲದ ಒಳಮನೆಯಲ್ಲಿ. ಅಲ್ಲಿ ಒಂದು ಬಲ್ಬು ಹಾಕಿಸಿ, ವರ್ಷದ ಪುಣ್ಯತಿಥಿಯೊಳಗೆ ಅಪ್ಪನ ಫೋಟೋವನ್ನು ಆ ಬೆಳಕಿನಲ್ಲಿ ತೂಗುಹಾಕಬೇಕೆಂದು ಗಂಗಮ್ಮನ ಆಸೆ. ಮದುವೆಯಾದಾಗಿನಿಂದ ಆಕೆ ನನ್ನನ್ನು ಬಾಯಿಬಿಟ್ಟು ಕೇಳಿದ್ದು ಇದೊಂದೇ!

ಬಸವಕಲ್ಯಾಣದಿಂದ ವಾಯರ್‌ಮನ್ ಖಾಜಾ ಉಸ್ತಾದ್ ಬಂದು ಮೀಟರು, ಬೋರ್ಡು ಹಾಕಿದ. ವಾಯರಿನ ಸುರುಳಿಯನ್ನು ನಮ್ಮಲ್ಲೇ ಇಟ್ಟ.

"ಮಾಸ್ತರ್, ಎಂಟ್ ದಿನ ಸಬರ್ ಮಾಡ್ರಿ, ಒಳಮನಿಗೆ ಪೈಪ್ ತರ್ತೀನಿ. ಪೈಪ್ ಇಲ್ದ ವಾಯರ್ ಗ್ವಾಡ್ಯಾಗ ಹೂಳಬ್ಯಾಡ್ರಿ. ಬಟನ್ನಿಂದ ಸೀದಾ ಮ್ಯಾಲ ಹೋಗ್ಬೇಕು, ಆಮ್ಯಾಲ ಸೀದಾ ಅಡ್ಡ. ನಾಳಿ ಯಾರರ ಮೊಳಿ ಹೊಡಿಯಾಕ ಹೋದ್ರ, ವಾಯರ್ ಎಲ್ಲೈತಂತ ತಿಳೀಬೇಕಲ್ರಿ?"

ಸೀದಾ ಮೇಲೆ, ಸೀದಾ ಅಡ್ಡ! ನನಗೆ ಒಳಗೊಳಗೇ ನಗು ಬಂತು. ಬಟನ್ನು ಬಾಗಿಲ ಪಕ್ಕ ಕೆಳಗೆ, ಬಲ್ಬು ಅದೇ ಗೋಡೆಯ ಆಚೆ ಮೂಲೆಯಲ್ಲಿ ಮೇಲೆ. ಲಂಬಕೋನ ತ್ರಿಭುಜದ ಎರಡು ಭುಜ ಸುತ್ತುವುದಕ್ಕಿಂತ ವಿಕರ್ಣದ ಮೇಲೆ ಹೋಗುವುದು ಹತ್ತಿರವೆಂದು ಈ ಮನುಷ್ಯನಿಗೆ ಯಾರೂ ಕಲಿಸಿಲ್ಲವಲ್ಲ ಎಂದು ಮರುಕವೂ ಬಂತು.

ಉಸ್ತಾದನಿಗೆ ಕಾಯದೆ ಭಾನುವಾರ ಖುರ್ಪಿ ಹಿಡಿದು ನಾನೇ ಗೋಡೆ ಕೊರೆದೆ. ಮಣ್ಣಿನ ಗೋಡೆ, ಬೆಣ್ಣೆಯಂತೆ ಬಂತು. ನಡುವೆ ಒಂದು ದೊಡ್ಡ ಕೆಂಪುಕಲ್ಲು ಅಡ್ಡವಾದಾಗ ವಿಕರ್ಣವನ್ನು ಗೇಣುದ್ದ ಕೆಳಕ್ಕೆ ಬಗ್ಗಿಸಬೇಕಾಯಿತು. ವಾಯರು ಹೂತು, ಮಣ್ಣು ಮೆತ್ತಿ, ಸುಣ್ಣ ಹೊಡೆದೆ. ಅದು ಎಲ್ಲಿ ಹೋಗಿದೆಯೆಂದು ದೇವರಿಗೂ ಗೊತ್ತಾಗದಷ್ಟು ನುಣುಪು!

ಬಟನ್ನು ಒತ್ತಿದೆ. ಬಲ್ಬು ಹತ್ತಿತು. ಗಂಗಮ್ಮ ಕಣ್ಣೊರೆಸಿಕೊಂಡು, "ಅಪ್ಪ ನೋಡಬೇಕಿತ್ರಿ" ಎಂದಳು. ನಾನು ಹಿಗ್ಗಿ ಹೀರೇಕಾಯಿಯಾದೆ.

ಪುಣ್ಯತಿಥಿಯ ಹಿಂದಿನ ದಿನ ಬೆಳಿಗ್ಗೆ ಆಕೆ ನೆಲ ಸಾರಿಸಿ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಮೊಳೆ ಸುತ್ತಿಗೆ ಹಿಡಿದು ಕೇಳಿದಳು:

"ಇಲ್ಲಿ ವಾಯರ್ ಇಲ್ಲಲ್ರಿ?"

"ಹಾಕಿದಾಂವ ನಾ, ನನಗ ಗೊತ್ತಿಲ್ಲೇನು? ಹೊಡಿ!"

ಕೆಂಪುಕಲ್ಲು ನನಗೆ ನೆನಪಾಗಲಿಲ್ಲ. ಮೂರನೇ ಪೆಟ್ಟಿಗೆ ಗಂಗಮ್ಮ ಚೀರಿ ಹಿಂದಕ್ಕೆ ಬಿದ್ದಳು. ನಾನು ಮಾತ್ರ ನಿಂತಲ್ಲೇ ನಿಂತಿದ್ದೆ. ಓಡಿಬಂದು ಆಕೆಯನ್ನು ಎತ್ತಿದವಳು ಪಕ್ಕದ ಮನೆಯ ಕಾಶೀಬಾಯಿ. ಜೀವ ಉಳಿಯಿತು. ಎಡಗೈಯ ಎರಡು ಬೆರಳು ಸುಟ್ಟು, ಸ್ಪರ್ಶ ಹೋಯಿತು. ಇಂದಿಗೂ ಬಂದಿಲ್ಲ. ರೊಟ್ಟಿ ಬಡಿಯುವಾಗ ತುಸು ತಡೆದು, ಆ ಬೆರಳುಗಳನ್ನು ನೋಡಿಕೊಂಡು, ಮತ್ತೆ ಬಡಿಯುತ್ತಾಳೆ. ಆಗ ನಾನು ಅಡುಗೆಮನೆಯಲ್ಲಿ ಇರಲಾರೆ.

ಸುದ್ದಿ ತಿಳಿದು ಅಂದೇ ಸಂಜೆ ಉಸ್ತಾದ್ ಬಂದ. ಮೇನ್ ಬಂದ್ ಮಾಡಿ, ಇದ್ದಿಲ ಚೂರೊಂದನ್ನು ನನ್ನ ಕೈಗಿತ್ತ.

"ವಾಯರ್ ಎಲ್ಲೆಲ್ಲಿ ಹೋಗ್ಯಾದ, ಗೆರಿ ಹೊಡೀರಿ ಮಾಸ್ತರ್."

ಒಂದು ಗೆರೆ ಎಳೆದೆ. ಅಲ್ಲವೆನಿಸಿತು. ಇನ್ನೊಂದು ಎಳೆದೆ. ಮೂರನೆಯದನ್ನೂ ಎಳೆದು, ಮತ್ತೆ ಮೊದಲಿನದನ್ನೇ ನೋಡಿದೆ. ಕೈಗೆ ಬಟ್ಟೆ ಸುತ್ತಿಕೊಂಡು ಮೂಲೆಯಲ್ಲಿ ಕುಳಿತಿದ್ದ ಗಂಗಮ್ಮ ಮೆಲ್ಲಗೆ ಹೇಳಿದಳು:

"ಅವರನ್ನ ಕೇಳಬ್ಯಾಡ್ರಿ ಭಾಯಿ. ನೀವ ಒಂದು ಜಾಗಾ ನೋಡಿ ಮೊಳಿ ಹೊಡೀರಿ."

ಉಸ್ತಾದ್ ಆ ವಾಯರನ್ನೇ ಬೋರ್ಡಿನಿಂದ ಕತ್ತರಿಸಿ, ಎದುರುಗೋಡೆಗೆ ಮೊಳೆ ಹೊಡೆದ. ಪುಣ್ಯತಿಥಿ ಕಂದೀಲಿನ ಬೆಳಕಿನಲ್ಲೇ ನಡೆಯಿತು. ಮಾವನವರು ಮಬ್ಬಿನಲ್ಲಿ ಸರಿಯಾಗಿ ಕಾಣಲೇ ಇಲ್ಲ. ಬಂದವರು ಫೋಟೋಕ್ಕಿಂತ ಹೆಚ್ಚಾಗಿ ನನ್ನನ್ನೇ ನೋಡಿದರು.

ಆ ಮೂರು ಇದ್ದಿಲ ಗೆರೆ ಗೋಡೆಯ ಮೇಲೆ ಇನ್ನೂ ಇವೆ. ಸುಣ್ಣ ಹೊಡೆಯಲು ಹೋದರೆ ಗಂಗಮ್ಮ ಬಿಡುವುದಿಲ್ಲ. "ಇರ್ಲಿ ಬಿಡ್ರಿ, ಮನಿಗೆ ಬಂದವರು ಹುಷಾರಾಗಿರ್ತಾರ" ಎನ್ನುತ್ತಾಳೆ.

ಹುಷಾರು ಗೋಡೆಯ ವಿಷಯದಲ್ಲೋ ನನ್ನ ವಿಷಯದಲ್ಲೋ ಎಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.