ಗೋಡೆಯೊಳಗಿನ ಅಸಲು

ಕೇಳಿದ್ದು ಸಿಗದಿದ್ದರೆ ಕೊರಗುವವರು ಬಹಳ ಮಂದಿ. ಸಿಕ್ಕಿದ ಮೇಲೂ ಕೊರಗುವ ಕೆಲವರಲ್ಲಿ ನಾನೊಬ್ಬ. ಬಸ್ಸು ತಡವಾದರೆ ತಪ್ಪಿಹೋಯಿತೇನೋ ಎಂದು ಹೆದರುತ್ತೇನೆ. ಹೊತ್ತಿಗೆ ಸರಿಯಾಗಿ ಬಂದರೆ ಇದು ನಿನ್ನೆಯ ಬಸ್ಸೇ ಇರಬೇಕು ಎಂದು ಅನುಮಾನಿಸುತ್ತೇನೆ. ಇಂಥವನು ಮಂಡ್ಯದಲ್ಲಿ ಸಾಲ ಮಾಡಿ ಮನೆ ಕಟ್ಟಿಸಬಾರದಾಗಿತ್ತು. ಕಟ್ಟಿಸಿದೆ. ಅದನ್ನೇ ಕಿರುಗಾವಲಿನ ಸಿದ್ದೇಗೌಡರಿಗೆ ಅಡಮಾನ ಮಾಡಿ, ತಿಂಗಳು ತಿಂಗಳೂ ಅಸಲಿಗೆ ಒಂದಷ್ಟು, ಬಡ್ಡಿಗೆ ಒಂದಷ್ಟು ಎಂದು ಮೇಷ್ಟರ ಸಂಬಳದಲ್ಲಿ ತೀರಿಸುತ್ತಿದ್ದೆ.

ಆಗ ಯುದ್ಧ ಬಂತು. ಯುದ್ಧ ನಡೆದದ್ದು ಎಲ್ಲೋ. ಸೀಮೆಎಣ್ಣೆ ಮಾಯವಾದದ್ದು ನಮ್ಮ ಮನೆಯಲ್ಲಿ. ಜೊತೆಗೆ ಮಗಳು ಬಾಣಂತನಕ್ಕೆ ಬಂದಳು. ಎರಡು ಕಂತು ತಪ್ಪಿದರೆ ಮನೆ ಗೌಡರದು ಎಂದು ಪತ್ರ ಬರೆದುಕೊಟ್ಟಿದ್ದೆ. ಒಂದು ಆಗಲೇ ತಪ್ಪಿತ್ತು. ಒಂದು ವರ್ಷದ ಮಟ್ಟಿಗೆ ಬಡ್ಡಿ ಮಾತ್ರ ಕಟ್ಟುತ್ತೇನೆ, ಅಸಲಿನ ಮಾತು ಆಮೇಲೆ ಎಂದು ಬೇಡಿಕೊಳ್ಳಲು ಕಿರುಗಾವಲಿಗೆ ಹೊರಟು, ಪೆಟ್ರೋಲಿಲ್ಲದ ಕಾಲದಲ್ಲಿ ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಗೌಡರ ಬೈಗುಳಕ್ಕೆ ಉತ್ತರ ಹೊಂದಿಸಿಕೊಂಡೆ. ಏರಿನಲ್ಲಿ ಬಸ್ಸು ನಿಂತು, ಇಳಿದು ತಳ್ಳಬೇಕಾದಾಗಲೆಲ್ಲ ಇನ್ನೂ ಒಳ್ಳೆಯ ಉತ್ತರ ಹೊಳೆಯುತ್ತಿತ್ತು.

ಜಗಲಿಯ ಮೇಲೆ ಎಲೆಗೆ ಸುಣ್ಣ ಸವರುತ್ತ ಗೌಡರು ಎಲ್ಲ ಕೇಳಿದರು. "ಅದ್ಕೇನಂತೆ, ಬಡ್ಡೀನೇ ಕೊಡಿ" ಎಂದರು.

ನನ್ನ ಉತ್ತರಗಳೆಲ್ಲ ದಂಡವಾದವು. ಇಷ್ಟು ಸುಲಭವಾಗಿ ಒಪ್ಪಿದ್ದಾರೆಂದರೆ ಏನೋ ಇದೆ. "ಹಾಗಾದರೆ ಅಸಲಿನ ಗತಿ?" ಎಂದು ನಾನೇ ಬಾಯಿಬಿಟ್ಟೆ.

"ಅಸ್ಲು ಎಲ್ಲಿಗ್ ಓಯ್ತದೆ ಬುಡಿ ಮೇಷ್ಟ್ರೆ? ನಿಮ್ಮನೆ ಗ್ವಾಡೇಲಿ ಐತಲ್ಲ! ನಾನೇ ಬಂದು ನೋಡ್ಕತೀನಿ."

ಬಾಯಿಮಾತಿಗೆ ಹೇಳಿದರೆಂದುಕೊಂಡೆ. ಮುಂದಿನ ಸಂಬಳದ ದಿನ ಬಂದೇಬಿಟ್ಟರು. ಬಡ್ಡಿಯನ್ನು ಸೊಂಟಕ್ಕೆ ಸಿಕ್ಕಿಸಿ, ಊಟ ಮುಗಿಸಿ, ತೆಂಗಿನಕಾಯಿ ಕೊಳ್ಳುವವರ ಹಾಗೆ ಗೋಡೆಗಳನ್ನು ತಟ್ಟಿ ಸದ್ದು ಕೇಳುತ್ತ ಮನೆಯೆಲ್ಲ ಸುತ್ತಿದರು. ಗೆದ್ದಲು ಕಂಡಲ್ಲಿ, ಲೆಕ್ಕ ತಪ್ಪಿದ ಹುಡುಗನನ್ನು ನಾನು ಕರೆಯುವ ದನಿಯಲ್ಲೇ ನನ್ನನ್ನು ಕರೆದರು. ಇದು ತಿಂಗಳ ಪದ್ಧತಿಯಾಯಿತು.

ಒಮ್ಮೆ ನನ್ನ ಹೆಂಡತಿ ತವರಿನಿಂದ ತಂದ ಲಕ್ಷ್ಮೀ ಪಟ ತೂಗುಹಾಕಲು ನಡುಮನೆಯಲ್ಲಿ ಮೊಳೆ ಹಿಡಿದು ನಿಂತಿದ್ದೆ.

"ತಡೀರಿ ಮೇಷ್ಟ್ರೆ! ನನ್ನ ಅಸ್ಲಿಗೇ ಮೊಳೆ ಒಡೀತೀರಲ್ಲ!"

ಬಾಗಿಲಲ್ಲಿ ಗೌಡರು. ಸುತ್ತಿಗೆ ಜಾರಿ ನನ್ನ ಕಾಲಿನ ಮೇಲೆ ಬಿತ್ತು. ಕಾಲು ಅಡಮಾನದಲ್ಲಿ ಸೇರಿರಲಿಲ್ಲವಾಗಿ ಗೌಡರು ಅದನ್ನು ನೋಡಲಿಲ್ಲ. ಬಗ್ಗಿ ನೆಲದ ಗಾರೆಯನ್ನು ಸವರಿ ನೋಡಿದರು. "ತಾಯಿನ ಅಕ್ಕಿ ಡಬ್ಬದ್ ಮ್ಯಾಲೆ ಕೂರ್ಸವ್ವ, ಅಲ್ಲೇ ತಣ್ಣಗಿರ್ತಾಳೆ" ಎಂದು ನನ್ನ ಹೆಂಡತಿಗೆ ಅಪ್ಪಣೆ ಕೊಡಿಸಿದರು.

"ಅವರಿಗೆ ಎದುರು ಹೇಳೋಕೆ ನಿಮಗೆ ಬಾಯಿಲ್ವೆ?" ಎಂದಳು ಇವಳು, ಅಡುಗೆಮನೆಯಲ್ಲಿ.

"ಬಾಯಿದೆ ಕಣೆ, ಅಸಲಿಲ್ಲ."

ಆದರೆ ಸುಳ್ಳೇಕೆ? ಮಳೆಗಾಲಕ್ಕೆ ಮುಂಚೆ ಗೌಡರೇ ಗಾಡಿಯಲ್ಲಿ ಹೆಂಚು ಕಳಿಸಿದರು, ಸೋರುವ ಮೂಲೆಗೆ ಆಳು ಹತ್ತಿಸಿದರು. ಮನೆಯ ಚಿಂತೆಯೆಲ್ಲ ಅವರ ಪಾಲಿಗೆ ಹೋಗಿ ನನಗುಳಿದದ್ದು ಬಡ್ಡಿಯ ಚಿಂತೆ ಮಾತ್ರ. ಜನ್ಮದಲ್ಲಿ ಮೊದಲ ಸಲ ಗುಡುಗು ಕೇಳುತ್ತ ಹಾಯಾಗಿ ಮಲಗಿದೆ.

ವರ್ಷ ತುಂಬಿತು. ಮಗಳು ಕೂಸಿನೊಂದಿಗೆ ಗಂಡನ ಮನೆ ಸೇರಿದಳು, ನನಗೆ ಒಂದೆರಡು ಮನೆಪಾಠ ಸಿಕ್ಕಿತು, ಮತ್ತೆ ಅಸಲಿನ ಕಂತು ಕೊಟ್ಟೆ. ಗೌಡರು ತೆಗೆದುಕೊಂಡರು. ಗೋಡೆಯ ಕಡೆ ತಿರುಗಿಯೂ ನೋಡಲಿಲ್ಲ.

"ಇನ್ ನಿಮ್ ಗ್ವಾಡೆ ನೀವ್ ನೋಡ್ಕಳಿ ಮೇಷ್ಟ್ರೆ, ಬತ್ತೀನಿ" ಎಂದು ಹೊರಟರು.

ಅವರು ಬೀದಿ ತಿರುಗುವುದೇ ತಡ, ಹೆಂಡತಿ ಲಕ್ಷ್ಮಿಯನ್ನು ಡಬ್ಬದಿಂದ ಇಳಿಸಿ ತಂದು, ಮೊಳೆಯನ್ನು ಗೋಡೆಗಿಟ್ಟು ಸುತ್ತಿಗೆ ಎತ್ತಿದಳು.

"ತಡಿಯೇ! ಗಾರೆ ಉದುರುತ್ತೆ! ಬಿರುಕು ಬಿಟ್ಟರೆ ಮಳೆಗಾಲದಲ್ಲಿ ಏನು ಗತಿ?"

ಕೂಗಿದವನು ನಾನೇ. ಗೋಡೆಗೆ ಕಿವಿಯಿಟ್ಟು ತಟ್ಟುತ್ತಲೂ ಇದ್ದೆ.

ಅವಳು ಸುತ್ತಿಗೆ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗೌಡರು ಹೋದರು ಅಂದ್ಕೊಂಡಿದ್ದೆ" ಎಂದಳು.

ಲಕ್ಷ್ಮಿ ಈಗಲೂ ಅಕ್ಕಿ ಡಬ್ಬದ ಮೇಲೆಯೇ ಇದ್ದಾಳೆ.